ಕುಯ್ಲಿಗೆ ಬರುವವರ ಮಕ್ಕಳ ಹೆಸರೂ ನಮ್ಮ ಪುಸ್ತಕದಲ್ಲಿ ಇರಬೇಕು

ನಾನು ಕೊಡಗಿನ ಸಿದ್ದಾಪುರದ ಕಡೆ, ಸುತ್ತ ಕಾಫಿ ತೋಟವೇ ಇರುವ ಒಂದು ಊರಲ್ಲಿ ಅಂಗನವಾಡಿ ಕಾರ್ಯಕರ್ತೆ. ನಮ್ಮ ಕೇಂದ್ರದ ಹಾಜರಿ ಪುಸ್ತಕ ನೋಡಿದರೆ ತೋಟದಲ್ಲಿ ಆಗ ಏನು ಕೆಲಸ ನಡೀತಿತ್ತು ಅಂತ ಹೇಳಬಹುದು. ಡಿಸೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾದಾಗ ಹೆಸರುಗಳು ಸೇರುತ್ತಾ ಹೋಗುತ್ತವೆ. ಜನವರಿ ಕಳೆದು ರೊಬಸ್ಟಾ ಕುಯ್ಲು ಜೋರಾದಾಗ ಮಕ್ಕಳಿಗೆ ಕೂರಲು ಚಾಪೆ ಸಾಲುವುದಿಲ್ಲ. ಏಪ್ರಿಲ್ ಹೊತ್ತಿಗೆ ತೋಟದ ಕೂಲಿಯವರು ಇರುವ ಲೈನ್ ಮನೆಗಳಿಗೆ ಬೀಗ ಬೀಳುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಜಿಲ್ಲಾಧಿಕಾರಿಗಳು ರಜೆ ಕೊಡದ ದಿನವೂ ಮಕ್ಕಳು ಕಮ್ಮಿ.

ಆದರೆ ಅಂಗನವಾಡಿ ದೊಡ್ಡದೋ ಸಣ್ಣದೋ ಅಂತ ಜನ ಮಾತಾಡುವುದು ಜೂನ್‌ನಲ್ಲೇ. ಶಾಲೆಗಳು ಶುರುವಾಗುವ ಕಾಲ ಅಲ್ವಾ. "ನಿಮ್ಮಲ್ಲಿ ಮಕ್ಕಳೇ ಇಲ್ಲವಲ್ಲ ಟೀಚರ್" ಅನ್ನುತ್ತಾರೆ. ಜನವರಿಯಲ್ಲಿ ಬಂದು ನೋಡಿ ಅಂತ ಹೇಳುತ್ತೇನೆ. ಯಾರೂ ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೀಟಿನ ವಿಷಯ. ಖಾಸಗಿ ಎಲ್‌ಕೆಜಿಯಲ್ಲಿ ಸೀಟು ಇಷ್ಟೇ ಅಂತ ಲೆಕ್ಕ ಇರುತ್ತದೆ. ಅಂಗನವಾಡಿಯಲ್ಲಿ ಸೀಟು ಭರ್ತಿಯಾಯಿತು, ಬೇರೆ ಕಡೆ ಹೋಗಿ ಅನ್ನುವ ಮಾತೇ ಇಲ್ಲ. 3ರಿಂದ 6 ವರ್ಷದ ಮಗು ಬಾಗಿಲಿಗೆ ಬಂದರೆ ಸೇರಿಸಿಕೊಳ್ಳಬೇಕು. ಅದಕ್ಕೆ ಆಟ, ಪಾಠ, ಬಿಸಿ ಊಟ ಎಲ್ಲ ಪುಕ್ಕಟೆ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗೆ ಈ ಆಹಾರ ಕಾನೂನಿನ ಹಕ್ಕು. ಅದಕ್ಕೂ ಮೊದಲೇ, 2006ರ ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತ್ತು. ಅಂಗನವಾಡಿ ಇಲ್ಲದ ಜನವಸತಿಯಲ್ಲಿ 6 ವರ್ಷದೊಳಗಿನ 40 ಮಕ್ಕಳಿದ್ದು ಅಲ್ಲಿನವರು ಕೇಳಿದರೆ, 3 ತಿಂಗಳೊಳಗೆ ಅಂಗನವಾಡಿ ತೆರೆಯಬೇಕು ಅಂತ. ಈ ವಿಷಯ ಲೈನ್ ಮನೆಯಲ್ಲಿರುವ ಎಷ್ಟು ಜನಕ್ಕೆ ಗೊತ್ತು? ಗೊತ್ತಿದ್ದರೂ ಕೇಳುವುದು ಯಾವಾಗ? 3 ತಿಂಗಳಲ್ಲಿ ಕುಯ್ಲೇ ಮುಗಿದಿರುತ್ತದೆ.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನ ಬಗ್ಗೆಯೂ ಕೇಳುವವರಿದ್ದಾರೆ. ಖಾಸಗಿ ಶಾಲೆಯಲ್ಲಿ ಶೇಕಡ 25ರಷ್ಟು ಸೀಟು ಬಡ ಮಕ್ಕಳಿಗೆ, ಎಲ್‌ಕೆಜಿ ಇರುವ ಶಾಲೆಯಲ್ಲಿ ಅಲ್ಲಿಂದಲೇ. ಶುಲ್ಕವನ್ನು ಸರ್ಕಾರ ಶಾಲೆಗೆ ಕಟ್ಟಿಕೊಡುತ್ತದೆ. ಆದರೆ 2019ರಲ್ಲಿ ನಮ್ಮ ರಾಜ್ಯದಲ್ಲಿ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಹಾಗಾಗಿ ಹೆಚ್ಚಿನ ಊರುಗಳಲ್ಲಿ ದುಡ್ಡಿಲ್ಲದ ಮನೆಯ ಪುಟ್ಟ ಮಕ್ಕಳಿಗೆ ಉಳಿದಿರುವುದು ಅಂಗನವಾಡಿಯೇ.

ಇನ್ನು ಹೆಸರು ಸೇರಿಸುವ ಕೆಲಸ. ಅಸ್ಸಾಂ ಕಡೆಯಿಂದಲೋ ಜಾರ್ಖಂಡ್ ಕಡೆಯಿಂದಲೋ ಒಂದು ಸಂಸಾರ ತೋಟಕ್ಕೆ ಬಂದು ಇಳಿಯುತ್ತದೆ. ಹೆಂಗಸಿನ ಹತ್ತಿರ ಆಧಾರ್ ಇರುತ್ತದೆ, ಅದಕ್ಕೆ ಜೋಡಿಸಿದ ಫೋನ್ ನಂಬರ್ ಗಂಡನದ್ದಿರುತ್ತದೆ, ಗಂಡ ತೋಟದ ಇನ್ನೊಂದು ಮೂಲೆಯಲ್ಲಿ ಕೆಲಸದಲ್ಲಿರುತ್ತಾನೆ. ಮಗುವಿಗೆ ಆಧಾರ್ ಇರುವುದಿಲ್ಲ. ಮಗುವಿನ ಆಧಾರ್ ಕಡ್ಡಾಯ ಅಲ್ಲ, ತಾಯಿಯದ್ದು ಸಾಕು. ಇದನ್ನು ಜೋರಾಗಿಯೇ ಹೇಳಬೇಕು. ಯಾಕೆಂದರೆ ತೋಟದಲ್ಲಿ "ಆಧಾರ್ ಇಲ್ಲದ ಮಗುವನ್ನು ಸೇರಿಸಲ್ಲವಂತೆ" ಅಂತ ಒಬ್ಬರು ಹೇಳಿದರೆ ಸಾಕು, ಇಡೀ ಲೈನಿನಿಂದ ಒಂದು ಮಗೂ ಬರುವುದಿಲ್ಲ.

2021ರಿಂದ ನಮ್ಮ ಲೆಕ್ಕವೆಲ್ಲ ಫೋನಿನ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿ. ಮಗು ಒಂದು ಊರಿಂದ ಇನ್ನೊಂದು ಊರಿಗೆ, ಬೇರೆ ರಾಜ್ಯಕ್ಕೆ ಹೋದರೂ ಹೆಸರನ್ನು ವರ್ಗಾಯಿಸಿಕೊಳ್ಳಲು ಅದರಲ್ಲಿ ಅವಕಾಶ ಇದೆ. ಇದು ನಿಜವಾಗಿ ಒಳ್ಳೆಯ ಏರ್ಪಾಡು. ಆದರೆ ಹೆಸರು ಅಲ್ಲಿಂದ ಇಲ್ಲಿಗೆ ಬರಬೇಕಾದರೆ ಮನುಷ್ಯರು ಮಾತಾಡಬೇಕು. ಊರಲ್ಲಿ ಮಗು ಅಂಗನವಾಡಿಗೆ ಹೋಗ್ತಿತ್ತಾ ಅಂತ ತಾಯಿಯನ್ನು ಕೇಳುತ್ತೇನೆ. ಹೋಗ್ತಿತ್ತು ಅಂದರೆ ಅಲ್ಲಿನ ಕಾರ್ಯಕರ್ತೆಯ ನಂಬರ್ ಕೇಳುತ್ತೇನೆ. ಎಷ್ಟೋ ತಾಯಂದಿರ ಫೋನಲ್ಲಿ ಅದು ಇರುತ್ತದೆ. ನನ್ನ ಹರಕು ಹಿಂದಿಯಲ್ಲಿ ಮಾತಾಡುತ್ತೇನೆ. ಒಂದು ಸಲ ಹೀಗೇ ಫೋನ್ ಮಾಡಿದಾಗ ಆ ಕಡೆಯ ಟೀಚರ್ ಮೊದಲು ಕೇಳಿದ್ದು ಹೆಸರಿನ ವಿಷಯ ಅಲ್ಲ. "ಅವನು ಸರಿಯಾಗಿ ತಿಂತಿದ್ದಾನಾ? ತೂಕ ಎಷ್ಟಿದೆ?" ಅಂತ. ನಾನು ಹುಡುಗನನ್ನು ತಕ್ಕಡಿ ಮೇಲೆ ನಿಲ್ಲಿಸಿ, ಫೋನ್ ಕಿವಿಗೆ ಸಿಕ್ಕಿಸಿಕೊಂಡೇ ತೂಕ ಓದಿ ಹೇಳಿದೆ. ಆ ಟೀಚರಿಗೆ ಆದ ಸಮಾಧಾನ ಭಾಷೆ ಬಾರದ ನನಗೂ ಗೊತ್ತಾಯಿತು.

ಈ ನೋಂದಣಿಗೆ ಸರಿಯಾದ ದಿನ ಯಾವುದು ಗೊತ್ತಾ? ಬಟವಾಡೆ ದಿನ, ಅಂದರೆ ಕೂಲಿ ಕೈಗೆ ಸಿಗುವ ದಿನ. ಉಳಿದ ದಿನ ಹಗಲಲ್ಲಿ ಲೈನಿಗೆ ಹೋದರೆ ನಾಯಿ, ಕೋಳಿ ಬಿಟ್ಟರೆ ಯಾರೂ ಸಿಗುವುದಿಲ್ಲ. ಬಟವಾಡೆ ದಿನ ಗಂಡ ಹೆಂಡತಿ ಇಬ್ಬರೂ ಇರುತ್ತಾರೆ, ಫೋನ್ ಕೈಯಲ್ಲೇ ಇರುತ್ತದೆ, ಓಟಿಪಿ ಬಂದ ತಕ್ಷಣ ಹೇಳುತ್ತಾರೆ. ನಮ್ಮ ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಳ್ಳೆಯವರು. ಬಟವಾಡೆ ಯಾವತ್ತು ಅಂತ ಹಿಂದಿನ ದಿನವೇ ತಿಳಿಸುತ್ತಾರೆ, ಕಾಫಿ ಒಣಗಿಸುವ ಕಣದ ಪಕ್ಕ ಒಂದು ಬೆಂಚು ಹಾಕಿಸುತ್ತಾರೆ. ಕಣದಲ್ಲಿ ಮರ ಇಲ್ಲ, ಬೆಳಕು ಚೆನ್ನಾಗಿರುತ್ತದೆ, ನೆಟ್‌ವರ್ಕ್ ಕೂಡ ಸಿಗುತ್ತದೆ. ಇದು ಸಣ್ಣ ವಿಷಯ ಅಲ್ಲ. 2025ರ ಜುಲೈಯಿಂದ, ಮನೆಗೆ ಕೊಡುವ ಆಹಾರಕ್ಕೆ ಮುಖ ಗುರುತಿಸುವುದು ಕಡ್ಡಾಯ ಆಗಿದೆ. 3 ವರ್ಷದೊಳಗಿನ ಮಗುವಿನ ಪಾಲು ತೆಗೆದುಕೊಳ್ಳಲು ತಾಯಿ ಕ್ಯಾಮೆರಾ ಮುಂದೆ ನಿಂತು ಕಣ್ಣು ಮಿಟುಕಿಸಬೇಕು. ತೋಟದ ಕೆಲಸ ಮುಗಿಸಿ ಆಕೆ ಲೈನಿಗೆ ಬರುವಾಗ ಮರದ ನೆರಳಲ್ಲಿ ಕತ್ತಲಾಗಿರುತ್ತದೆ. ಟಾರ್ಚ್ ಹಿಡಿದು ಮುಖ ತೆಗೆಯುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಮೇಲಾಗಿ ನಮ್ಮ ಕಡೆ ಸಂಜೆ ಆದ ಮೇಲೆ ತೋಟದ ದಾರಿಯಲ್ಲಿ ನಡೆಯುವುದೆಂದರೆ ಆನೆ ಭಯ.

ಊಟದ ಲೆಕ್ಕಕ್ಕೆ ಬರೋಣ. ದಿನಕ್ಕೆ ಒಂದು ಮಗುವಿಗೆ 8 ರೂಪಾಯಿ ಅಂತ 2017ರಲ್ಲಿ ನಿಗದಿ ಮಾಡಿದರು. ಆಗಿನ ನಿಯಮದಲ್ಲಿ ಅದರಿಂದ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕಿತ್ತು. ವರ್ಷಕ್ಕೆ 300 ದಿನ ಕೊಡಬೇಕು. ಈ 8 ರೂಪಾಯಿಗೆ ಇವತ್ತು ಸಿದ್ದಾಪುರದ ಹೋಟೆಲಲ್ಲಿ ಒಂದು ಟೀ ಸಿಗುವುದಿಲ್ಲ. ನಮ್ಮ ರಾಜ್ಯದಲ್ಲಿ ಇದರ ಜೊತೆ ಮೊಟ್ಟೆ ಇದೆ, 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿದೆ. ಇವೆರಡು ಇಲ್ಲದಿದ್ದರೆ ಏನಾಗುತ್ತಿತ್ತೋ. ಮೊಟ್ಟೆಯನ್ನು ನಮ್ಮ ಅಂಗನವಾಡಿಯ ಬಾಲವಿಕಾಸ ಸಮಿತಿಯ ಖಾತೆಯ ದುಡ್ಡಿನಿಂದ ನಾವೇ ಕೊಳ್ಳಬೇಕು. ದುಡ್ಡು ತಡವಾದರೆ ಅಂಗಡಿಯಲ್ಲಿ ಸಾಲ ಹೇಳಿ ತರುತ್ತೇವೆ. ಮೊಟ್ಟೆಯ ರೇಟು ಏರಿದಾಗ ಇನ್ನೂ ಕಷ್ಟ.

ಕುಯ್ಲಿನ ಕಾಲದಲ್ಲಿ ಇದೆಲ್ಲ ಇನ್ನೂ ಬಿಗಿಯಾಗುತ್ತದೆ. ಸಾಮಾನು ಬರುವುದು ಮೊದಲೇ ಕೊಟ್ಟ ಮಕ್ಕಳ ಸಂಖ್ಯೆಯ ಮೇಲೆ. ತಿಂಗಳ ನಡುವೆ ಒಂದು ಜೀಪಿನಲ್ಲಿ ನಾಲ್ಕು ಸಂಸಾರ ಬಂದು ಇಳಿದರೆ ಅವರ ಮಕ್ಕಳಿಗೆ ಅಕ್ಕಿ ಎಲ್ಲಿಂದ? ಅದಕ್ಕೆ ನವೆಂಬರ್ ಕೊನೆಯಲ್ಲೇ ಸುತ್ತಲಿನ ತೋಟಗಳಿಗೆ ಹೋಗಿ ಈ ಸಲ ಎಷ್ಟು ಲೈನ್ ತುಂಬುತ್ತದೆ ಅಂತ ಕೇಳಿ ಮೇಲ್ವಿಚಾರಕಿಗೆ ಬರೆದುಕೊಡುತ್ತೇನೆ. ಅವರೂ ಮುತುವರ್ಜಿ ವಹಿಸುತ್ತಾರೆ. ತರಕಾರಿಗೆ ಊರವರೇ ಆಸರೆ. ಸಣ್ಣ ಬೆಳೆಗಾರರ ಮನೆಯ ಒಬ್ಬರು ಅಮ್ಮ ಬಾಳೆಗೊನೆ, ಸಿಹಿಗುಂಬಳ ಕಳಿಸುತ್ತಿರುತ್ತಾರೆ. ಆದರೆ ಮಕ್ಕಳ ಹಕ್ಕಿನ ಊಟ ಊರವರ ಒಳ್ಳೆಯತನದ ಮೇಲೆ ನಡೆಯಬಾರದು. ಆ ಅಮ್ಮನೇ ಇದನ್ನು ನನಗೆ ಹೇಳಿದ್ದು.

ಇಷ್ಟೆಲ್ಲ ಮಾಡಿದರೂ ದೊಡ್ಡ ತೊಡಕು ಬೇರೆಯೇ ಇದೆ. ಅದು ಹೊತ್ತಿನದು. ಅಂಗನವಾಡಿ ಬಾಗಿಲು ತೆರೆಯುವುದು ಬೆಳಗ್ಗೆ ಒಂಬತ್ತೂವರೆಗೆ. ತೋಟದ ಕೆಲಸ ಎಂಟಕ್ಕೆ. ಕುಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ಒಂದೂವರೆ ಗಂಟೆ ಮಗುವಿಗಾಗಿ ಕಾದರೆ ತಾಯಿಯ ಚೀಲ ಅಷ್ಟು ಹಗುರ. ಯಾರು ಕಾಯುತ್ತಾರೆ? ಮಗುವನ್ನು ತೋಟಕ್ಕೇ ಕರೆದುಕೊಂಡು ಹೋಗುತ್ತಾರೆ. ಕಾಫಿ ಗಿಡದ ಕೆಳಗೆ ಗೋಣಿ ಹಾಸಿ ಕೂರಿಸುತ್ತಾರೆ. ಹಾವಿದೆ, ಕೆಂಪಿರುವೆ ಇದೆ. ಇಲ್ಲವೇ ಲೈನಿನಲ್ಲಿ ಅಕ್ಕನ ಜೊತೆ ಬಿಡುತ್ತಾರೆ. ಆ ಅಕ್ಕನಿಗೂ ಎಂಟೋ ಒಂಬತ್ತೋ ವರ್ಷ. ತಮ್ಮನನ್ನು ನೋಡಿಕೊಳ್ಳುವ ಕೆಲಸ ಅವಳದ್ದಾದ ಮೇಲೆ ಅವಳು ಶಾಲೆಗೆ ಹೋಗುವುದು ಹೇಗೆ?

ಅಂಥ ಒಬ್ಬಳನ್ನು ಹೋದ ವರ್ಷ ನೋಡಿದೆ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಮ್ಮ ಕಿಟಕಿಯ ಹೊರಗೆ ನಿಂತಿರುತ್ತಿದ್ದಳು. ಒಳಗೆ ಬಾ ಅಂದರೆ ಬರುತ್ತಿರಲಿಲ್ಲ, ತಾನು ದೊಡ್ಡವಳು ಅನ್ನುವ ಸಂಕೋಚ. ಆಗ ನಮ್ಮ ಸಹಾಯಕಿ ಅಕ್ಕ ಒಂದು ನಿರ್ಧಾರ ಮಾಡಿದರು. ಅವರ ಮನೆ ಕೇಂದ್ರದ ಪಕ್ಕದಲ್ಲೇ. ಕುಯ್ಲು ಮುಗಿಯುವವರೆಗೆ ಎಂಟಕ್ಕೆ ಮೊದಲೇ ಬಾಗಿಲು ತೆಗೆಯುತ್ತೇನೆ, ಹಾಲು ಕಾಯಿಸಿ ಇಟ್ಟಿರುತ್ತೇನೆ ಅಂದರು. ತಾಯಂದಿರು ತೋಟಕ್ಕೆ ಹೋಗುವ ದಾರಿಯಲ್ಲೇ ಮಕ್ಕಳನ್ನು ಬಿಟ್ಟು ಹೋಗತೊಡಗಿದರು. ಆ ಹುಡುಗನೂ ಬಂದ. ಅವನ ಅಕ್ಕನನ್ನು ಊರ ಸರ್ಕಾರಿ ಶಾಲೆಯಲ್ಲಿ ಕೂರಿಸಿದೆವು. ಅಲ್ಲಿನ ಮೇಷ್ಟ್ರು ಒಂದು ಮಾತೂ ಆಡದೆ ಸೇರಿಸಿಕೊಂಡರು. ನಮ್ಮ ಅಂಗನವಾಡಿಯ ಒಂದು ಜಾಗದಿಂದ ಶಾಲೆಯಲ್ಲಿ ಇನ್ನೊಂದು ಮಗು ಓದಿತು. ಇದು ಯಾವ ಆ್ಯಪಿನ ಲೆಕ್ಕಕ್ಕೂ ಸಿಗುವುದಿಲ್ಲ.

ಸಹಾಯಕಿಯ ಆ ಒಂದೂವರೆ ಗಂಟೆಗೆ ಕೂಲಿ ಇಲ್ಲ. ನಮಗೆ ಕೊಡುವುದನ್ನು ಸಂಬಳ ಅನ್ನುವುದೂ ಇಲ್ಲ, ಗೌರವಧನ. 2025ರ ಬಜೆಟ್‌ನಲ್ಲಿ ಕಾರ್ಯಕರ್ತೆಗೆ 1000, ಸಹಾಯಕಿಗೆ 750 ರೂಪಾಯಿ ಜಾಸ್ತಿ ಮಾಡಿದರು. ಬೆಳಗ್ಗೆ ಬೇಗ ಬಾಗಿಲು ತೆಗೆಯುವವರಿಗೆ ಕುಯ್ಲಿನ ನಾಲ್ಕು ತಿಂಗಳು ಪ್ರತ್ಯೇಕವಾಗಿ ಏನಾದರೂ ಕೊಡಬೇಕು. ಇದನ್ನು ಕೇಳಲು ನನಗೆ ಯಾವ ಮುಜುಗರವೂ ಇಲ್ಲ.

ಇನ್ನೂ ಸಣ್ಣ ಮಕ್ಕಳ ಪಾಡು ಬೇರೆ. 3 ವರ್ಷದೊಳಗಿನವರಿಗೆ ನಮ್ಮಿಂದ ಮನೆಗೆ ಆಹಾರ ಹೋಗುತ್ತದೆ, ದಿನವಿಡೀ ನೋಡಿಕೊಳ್ಳುವ ಏರ್ಪಾಡು ನಮ್ಮಲ್ಲಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ 50 ಹೆಂಗಸರು ಕೆಲಸ ಮಾಡುವ ಅಥವಾ ಅವರ ಮಕ್ಕಳು 20 ಇರುವ ತೋಟದಲ್ಲಿ ಶಿಶುವಿಹಾರ ಇರಬೇಕು ಅಂತ ಬರೆದಿದ್ದರು. ಕೊಡಗಿನಲ್ಲಿ ಹೆಚ್ಚಿನವು ಸಣ್ಣ ಹಿಡುವಳಿ. ಆ ಲೆಕ್ಕಕ್ಕೇ ಬರುವುದಿಲ್ಲ. ಹಗಲಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಗ್ರಾಮ ಪಂಚಾಯಿತಿಗಳ ಕೂಸಿನ ಮನೆ ಬಂದಿದೆ, ಅದು ಶುರುವಾದದ್ದು ಮುಖ್ಯವಾಗಿ ನರೇಗಾ ಕೆಲಸಕ್ಕೆ ಹೋಗುತ್ತಿದ್ದ ತಾಯಂದಿರಿಗಾಗಿ. ಕಾಫಿ ಕುಯ್ಯುವ ತಾಯಂದಿರ ಕೂಸುಗಳಿಗೂ ಅದರ ಬಾಗಿಲು ಧಾರಾಳವಾಗಿ ತೆರೆದರೆ ಎಷ್ಟು ಚೆನ್ನ. ಸದ್ಯಕ್ಕೆ ನಾಲ್ಕು ವರ್ಷದ ಅಣ್ಣನ ಕೈ ಹಿಡಿದು ಎರಡು ವರ್ಷದ ತಂಗಿ ಬಂದರೆ ನಾವು ವಾಪಸ್ ಕಳಿಸುವುದಿಲ್ಲ. ಕಳಿಸಲು ಮನೆಯಲ್ಲಿ ಯಾರಿದ್ದಾರೆ?

ಪಾಠದ ಬಗ್ಗೆ ಒಂದು ಮಾತು ಹೇಳದೆ ಬಿಟ್ಟರೆ ಅಂಗನವಾಡಿ ಅಂದರೆ ಊಟದ ಮನೆ ಅಂತ ಅಂದುಕೊಳ್ಳುತ್ತೀರಿ. ನಮ್ಮಲ್ಲಿ ಚಿಲಿಪಿಲಿ ಪಠ್ಯ ಇದೆ. ಬಣ್ಣದ ಪಾಠಕ್ಕೆ ನಾನು ಕಾಫಿ ಹಣ್ಣು ತರುತ್ತೇನೆ. ತಟ್ಟೆಯಲ್ಲಿ ಹಸಿರು, ಕೆಂಪು, ಒಣಗಿ ಕಪ್ಪಾದದ್ದು ಬೆರೆಸಿ ಇಡುತ್ತೇನೆ, ಬೇರೆ ಮಾಡಿ ಅನ್ನುತ್ತೇನೆ. ಮೂಗಿಗೆ, ಬಾಯಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲೇ ಕೂತಿರಬೇಕು. ಊರ ಮಕ್ಕಳು ಯೋಚಿಸುತ್ತಾ ಒಂದೊಂದೇ ಆರಿಸುತ್ತವೆ. ಕುಯ್ಲಿಗೆ ಬಂದವರ ಮಕ್ಕಳ ಬೆರಳು ನೋಡಬೇಕು. ಕೆಂಪನ್ನು ಸರಸರ ಬದಿಗೆ ತಳ್ಳುತ್ತವೆ, ತಲೆ ಎತ್ತುವುದೇ ಇಲ್ಲ. ಕನ್ನಡದ ಒಂದು ಅಕ್ಷರವೂ ಬಾರದ ಮಗು ಆ ಹೊತ್ತಿಗೆ ಎಲ್ಲರಿಗಿಂತ ಮುಂದೆ. ಯರವ ಬುಡಕಟ್ಟಿನವರ ಹಾಡಿಯಿಂದ ಬರುವ ಒಬ್ಬಳು ಅದನ್ನು ನೋಡಿ ಆ ಹುಡುಗನ ಪಕ್ಕಕ್ಕೆ ಹೋಗಿ ಕೂತಳು. ಆಮೇಲೆ ಊಟಕ್ಕೂ ಇಬ್ಬರೂ ಜೊತೆ.

ಈಗ ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ ಬಂದಿದೆ. ಅಂದರೆ ಮಕ್ಕಳು ನಮ್ಮ ಬಳಿ ಇನ್ನೂ ಸ್ವಲ್ಪ ದಿನ ಇರುತ್ತಾರೆ. 2024ರಲ್ಲಿ ಆಯ್ದ ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ಶುರುವಾದಾಗ ನನಗೆ ಖುಷಿಯಾಗಿತ್ತು. ವ್ಯಾನ್ ಹತ್ತಿ ದೂರದ ಎಲ್‌ಕೆಜಿಗೆ ಹೋಗುವ ಊರ ಮಕ್ಕಳು ಇಲ್ಲೇ ಉಳಿದರೆ ಒಳ್ಳೆಯದೇ. ಆದರೆ ಯೂನಿಫಾರಂ, ಬ್ಯಾಗು ಬಂದ ಮೇಲೆ ಫೆಬ್ರವರಿಯಲ್ಲಿ ಬಂದು ಸೇರುವ ಮಗುವಿಗೆ ಜಾಗ ಇಲ್ಲ ಅನ್ನುವ ಹಾಗೆ ಆಗಬಾರದು. ಜೂನ್‌ನಲ್ಲಿ ಸೇರಿದವರು ಮಾತ್ರ ನಮ್ಮ ಮಕ್ಕಳು ಅನ್ನುವ ಲೆಕ್ಕ ತೋಟದ ಊರಿಗೆ ಹೊಂದುವುದಿಲ್ಲ.

ಈ ಸಲ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಎರಡು ವಿಷಯ ಬರೆದು ಮೇಲಕ್ಕೆ ಕಳಿಸಿದ್ದೇವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತೋಟದ ಊರುಗಳಲ್ಲಿ ಕೇಂದ್ರ ಎಂಟಕ್ಕೆ ತೆರೆಯಲು ಅನುಮತಿ, ಅದಕ್ಕೆ ತಕ್ಕ ಗೌರವಧನ. ಮತ್ತೆ, ಕೇಂದ್ರದಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ನೋಡುವಾಗ ಫೆಬ್ರವರಿಯ ಹಾಜರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಉತ್ತರ ಇನ್ನೂ ಬಂದಿಲ್ಲ. ಬಾಗಿಲು ಮಾತ್ರ ಎಂಟಕ್ಕೆ ಮೊದಲೇ ತೆರೆಯುತ್ತಿದೆ.

ಇದನ್ನು ಓದುವ ಬೆಳೆಗಾರರು ಇದ್ದರೆ ಒಂದು ಕೋರಿಕೆ. ನಿಮ್ಮ ಲೈನಿಗೆ ಸಂಸಾರಗಳು ಬಂದ ವಾರವೇ ಹತ್ತಿರದ ಅಂಗನವಾಡಿಗೆ ಹೇಳಿಕಳಿಸಿ. ಮಕ್ಕಳೆಷ್ಟು, ಬಸುರಿ ಬಾಣಂತಿಯರು ಯಾರಾದರೂ ಇದ್ದಾರಾ, ಅಷ್ಟು ತಿಳಿಸಿದರೆ ಸಾಕು. ಬಟವಾಡೆ ಯಾವ ದಿನ ಅಂತಲೂ ಹೇಳಿ. ಪುಸ್ತಕ, ತಕ್ಕಡಿ ಹಿಡಿದುಕೊಂಡು ನಾವೇ ಬರುತ್ತೇವೆ.