ಕಚ್ಚು ಬಿದ್ದ ರೂಪಾಯಿ

ನನ್ನ ಅಂಗಡಿಗೆ ಈಗೀಗ ವಾಚಿಗಿಂತ ನಾಣ್ಯ ಹಿಡಿದುಕೊಂಡು ಬರುವವರೇ ಜಾಸ್ತಿ. ತುಮಕೂರು ಒಂದು ಕಾಲಕ್ಕೆ ಎಚ್‌ಎಂಟಿ ವಾಚಿನ ಊರು. ಫ್ಯಾಕ್ಟರಿ ಮುಚ್ಚಿತು, ಆ ಜಾಗ ಈಗ ಇಸ್ರೋ ಪಾಲಾಗಿದೆ. ನನಗೆ ಉಳಿದದ್ದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಭೂತಗನ್ನಡಿ, ಲೂಪು. ಅದು ಇದೆ ಅಂತಲೇ ಜನ ಬರುತ್ತಾರೆ. ನಾಣ್ಯ ತಯಾರಾಗುವ ಟಂಕಸಾಲೆಯಲ್ಲೇ ತಪ್ಪಾಗಿ ಬಂದ ನಾಣ್ಯಕ್ಕೆ ಸಂಗ್ರಹಿಸುವವರು ಹೆಚ್ಚು ದುಡ್ಡು ಕೊಡುತ್ತಾರಲ್ಲ, ತಮ್ಮದೂ ಅಂಥದ್ದಾ ಅಂತ ಕೇಳಲು.

ಕಳೆದ ತಿಂಗಳು ಕ್ಯಾತ್ಸಂದ್ರದ ಹುಡುಗನೊಬ್ಬ ನಾಲ್ಕಾಣೆ ತಂದ. ಖಡ್ಗಮೃಗದ ಚಿತ್ರ ಇರುವ ಸ್ಟೀಲಿನದು. ಇಸವಿ ಕೆಳಗೆ ಯಾವ ಗುರುತೂ ಇಲ್ಲ, ಅದಕ್ಕೇ ಲಕ್ಷ ಸಿಗುತ್ತೆ ಅಂತ ವಿಡಿಯೊದಲ್ಲಿ ನೋಡಿದ್ದನಂತೆ. ಗುರುತು ಇಲ್ಲದಿರುವುದೇ ಕೋಲ್ಕತ್ತಾ ಟಂಕಸಾಲೆಯ ಗುರುತು ಕಣಪ್ಪಾ ಅಂದೆ. ಚುಕ್ಕಿ ಇದ್ದರೆ ನೋಯ್ಡಾ, ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್. ನಾಲ್ಕಾಣೆ 2011ರಲ್ಲೇ ಚಲಾವಣೆಯಿಂದ ಹೋಯಿತು. ಈಗ ಅದಕ್ಕೆ ಅರ್ಧ ಬೀಡಿಯೂ ಬರಲ್ಲ. ಹುಡುಗನ ಮುಖ ಸಣ್ಣದಾಯಿತು.

ನಾಣ್ಯ ಕೈಗೆ ಬಂದರೆ ನಾನು ಮೊದಲು ನೋಡುವುದು, ಲೋಹ ಎಲ್ಲಿ ಹೋಗಿದೆ ಅಂತ. ಸವೆತ ಉಬ್ಬಿದ ಜಾಗವನ್ನೇ ಮೊದಲು ತಿನ್ನುತ್ತೆ. ರಾಜನ ಕೆನ್ನೆ, ಗಡ್ಡ, ಸಿಂಹದ ಎದೆ. ತಗ್ಗಿನಲ್ಲಿರುವ ಅಕ್ಷರ ಕೊನೆಗೆ ಹೋಗುತ್ತೆ. ಹಾಗಾಗಿ ಎಲ್ಲ ಚೂಪಾಗಿದ್ದು ಒಂದೇ ಒಂದು ಅಕ್ಷರ ಮಾಯ ಆಗಿದ್ದರೆ ಅದು ಸವಕಲು ಅಲ್ಲ. ಅಚ್ಚಿನ ಆ ಕುಳಿಯಲ್ಲಿ ಗ್ರೀಸು ತುಂಬಿರುತ್ತೆ, ಲೋಹ ಒಳಗೆ ಹೋಗಿರಲ್ಲ. ಅಕ್ಕಪಕ್ಕದ್ದೂ ಮಸುಕಾಗಿದ್ದರೆ ಸುಮ್ನೆ ಜೇಬಿನಲ್ಲಿ ಉಜ್ಜಿದ್ದು.

ಗೆರೆ ಕಂಡರೂ ಅಷ್ಟೇ. ಟೇಬಲ್ ಲ್ಯಾಂಪನ್ನು ಓರೆಯಾಗಿ ಹಿಡಿಯುತ್ತೇನೆ. ಗೀರು ಅಂದರೆ ತಗ್ಗು, ನೇಗಿಲ ಸಾಲಿನ ಹಾಗೆ. ಆದರೆ ಅಚ್ಚೇ ಬಿರುಕು ಬಿಟ್ಟಿದ್ದರೆ ಹೊಡೆತಕ್ಕೆ ಲೋಹ ಆ ಬಿರುಕಿಗೆ ನುಗ್ಗುತ್ತೆ, ನಾಣ್ಯದ ಮೇಲೆ ಗೆರೆ ಉಬ್ಬಿ ನಿಲ್ಲುತ್ತೆ. ವಯಸ್ಸಾದವರ ಅಂಗೈ ಹಿಂದಿನ ನರ ನೋಡಿದ್ದೀರಲ್ವಾ, ಹಾಗೆ. ಜೇಬಿನ ಉಜ್ಜಾಟಕ್ಕೆ ಉಬ್ಬು ಬರಲ್ಲ.

ಗುಬ್ಬಿಯ ಅಜ್ಜಿಯೊಬ್ಬರ 1919ರ ಬೆಳ್ಳಿ ರೂಪಾಯಿಯಲ್ಲೂ ಹೀಗೊಂದು ಉಬ್ಬು ಇತ್ತು, ರಾಜನ ಕಿರೀಟದ ಮೇಲೆ ಅಂಚಿನಲ್ಲಿ. ನಾನೂ ಒಂದು ಕ್ಷಣ ಹಿಗ್ಗಿದೆ. ನೋಡಿದರೆ ಬೆಸುಗೆ! ಯಾವುದೋ ಕಾಲದಲ್ಲಿ ಕಾಸಿನ ಸರಕ್ಕೆ ಹಾಕಿದ್ದ ಕುಣಿಕೆ ಕಿತ್ತ ಜಾಗ.

ಇಷ್ಟೆಲ್ಲ ಹೇಳುವ ನಾನೇ ಟೋಪಿ ಹಾಕಿಸಿಕೊಂಡಿದ್ದೇನೆ.

ಐದಾರು ವರ್ಷದ ಹಿಂದೆ ಗಡಿಯಾರ ರಿಪೇರಿಗೆ ಬಂದವರೊಬ್ಬರು 1 ರೂಪಾಯಿ ತೋರಿಸಿದರು. 1990ರ ದಶಕದ ದೊಡ್ಡ ಸ್ಟೀಲ್ ನಾಣ್ಯ. ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಅರ್ಧಚಂದ್ರದ ಕಚ್ಚು. ಟಂಕಸಾಲೆಯಲ್ಲಿ ಇಂಥದ್ದು ನಿಜವಾಗಿಯೂ ಆಗುತ್ತೆ. ಲಟ್ಟಿಸಿದ ಹಿಟ್ಟಿನ ಮೇಲೆ ಲೋಟ ಒತ್ತಿ ಪೂರಿ ತೆಗೆಯುವಾಗ ಪಕ್ಕದ ತೂತಿನ ಮೇಲೆ ಲೋಟ ಬಿದ್ದರೆ ಪೂರಿ ಮುಕ್ಕಾಗುತ್ತಲ್ಲ, ಲೋಹದ ಪಟ್ಟಿಯಲ್ಲಿ ಬಿಲ್ಲೆ ತೆಗೆಯುವಾಗಲೂ ಅದೇ ಕಥೆ. ಪಕ್ಕದ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಇರಬೇಕಾದದ್ದು 4.85 ಗ್ರಾಂ, ಇದು 4.5 ಕೂಡ ಇರಲಿಲ್ಲ. ತೂಕ ಕಡಿಮೆ ಅಂತ ಖುಷಿಯಲ್ಲಿ 500 ರೂಪಾಯಿ ಕೊಟ್ಟುಬಿಟ್ಟೆ. ಕತ್ತರಿಸಿದರೂ ತೂಕ ಕಡಿಮೆಯೇ ಆಗುತ್ತೆ ಅನ್ನುವಷ್ಟು ಬುದ್ಧಿ ಆವತ್ತು ಬರಲಿಲ್ಲ.

ಮೂರು ವಾರ ಆದ ಮೇಲೆ ಮತ್ತೆ ಲೂಪು ಹಾಕಿದೆ. ಕಚ್ಚಿನ ಒಳಗೋಡೆಯಲ್ಲಿ ಒಂದರ ಪಕ್ಕ ಒಂದು ಸಣ್ಣ ಗೀರು, ಎಲ್ಲ ಒಂದೇ ದಿಕ್ಕಿಗೆ. ಆ ಗೀರು ನನಗೆ ಚೆನ್ನಾಗಿ ಗೊತ್ತು. ನನ್ನ ಡ್ರಾಯರಿನಲ್ಲಿರುವ ಸಣ್ಣ ಅರ ಬಿಡುವ ಗೀರು ಅದು. ಕಚ್ಚಿನ ಹತ್ತಿರದ ಅಕ್ಷರ ಚಾಕುವಿನಲ್ಲಿ ಕೊಯ್ದ ಹಾಗೆ ಅರ್ಧಕ್ಕೆ ನಿಂತಿತ್ತು. ಅಸಲಿ ಕಚ್ಚಾದರೆ ಆಮೇಲೆ ಅಚ್ಚು ಬೀಳುತ್ತೆ, ಅಲ್ಲಿ ಲೋಹ ಖಾಲಿ ಜಾಗಕ್ಕೆ ಹರಿದು ಅಕ್ಷರ ಅಂಚಿನ ಕಡೆ ಎಳೆದ ಹಾಗೆ ಕಾಣುತ್ತೆ.

ಇನ್ನೊಂದು ಸುಳಿವು ಕಚ್ಚಿನ ಹತ್ತಿರ ಇರುವುದೇ ಇಲ್ಲ, ಅದರ ನೇರ ಎದುರಿಗೆ ಇರುತ್ತೆ. ಅಚ್ಚು ಹಾಕುವ ಮೊದಲು ಬಿಲ್ಲೆಯನ್ನು ಎರಡು ಕಡೆಯಿಂದ ಒತ್ತಿ ಉರುಳಿಸಿ ಅಂಚು ಎತ್ತುತ್ತಾರೆ. ಒಂದು ಕಡೆ ಕಚ್ಚು ಇದ್ದರೆ ಎದುರು ಬದಿಗೆ ಒತ್ತಡ ಸಿಗಲ್ಲ, ಅಲ್ಲಿ ಅಂಚು ಮಸುಕಾಗುತ್ತೆ. ನನ್ನ ರೂಪಾಯಿಯ ಎದುರಂಚು ಹೊಸ ತಟ್ಟೆಯ ಅಂಚಿನ ಹಾಗೆ ಗಟ್ಟಿಯಾಗಿತ್ತು. ಅರ ಹಿಡಿದವನಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ, ಆಮೇಲೆ ಕಲಿತದ್ದು.

ಆ ರೂಪಾಯಿ ಈಗ ಗಾಜಿನ ಕೆಳಗೆ ಇದೆ. ನಾಣ್ಯ ತಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತೇನೆ. ಕ್ಯಾತ್ಸಂದ್ರದ ಹುಡುಗನಿಗೂ ತೋರಿಸಿದೆ. ಗೀರು, ಅಕ್ಷರ, ಎದುರಂಚು, ಎಲ್ಲ ಲೂಪಿನಲ್ಲಿ ನೋಡಿದ. ತಲೆ ಆಡಿಸಿದ. ಮೊನ್ನೆ ಮತ್ತೆ ಬಂದಿದ್ದ.

"ಅಣ್ಣ, ಅದನ್ನ 600ಕ್ಕೆ ಕೊಡ್ತೀರಾ?"