ಬೀಗ ಹಿಡಿದವನೇ ಸತ್ತರೆ

ಈಗ ನನ್ನ ವೆಬ್ ಸರ್ವರ್‌ನ ಯಾವ ವರ್ಕರ್‌ಗೆ (ಕೆಲಸ ಮಾಡುವ ಪ್ರೋಸೆಸ್‌ಗೆ) ಬೇಕಾದರೂ ಕಿಲ್ -9 ಹೊಡೆದು ಅಲ್ಲೇ ಸಾಯಿಸಿ, ಉಳಿದವು ನಿಲ್ಲುವುದಿಲ್ಲ. ಪೇಜ್ ಬರುತ್ತಲೇ ಇರುತ್ತದೆ. ಈ ಸಾಲು ಬರೆಯಬೇಕು ಅಂತ ತುಂಬಾ ದಿನದಿಂದ ಕಾಯುತ್ತಿದ್ದೆ. ಫೋರ್ಕ್ (ಪ್ರೋಸೆಸ್‌ನ ನಕಲು ಹುಟ್ಟಿಸುವುದು), ಈಪೋಲ್ (ಹಲವು ಕನೆಕ್ಷನ್‌ಗಳ ಮೇಲೆ ಒಟ್ಟಿಗೆ ಕಣ್ಣಿಡುವುದು), ಹೆಡರ್ ಪಾರ್ಸರ್ ಎಲ್ಲಾ ಹಳೇ ಕಥೆ. ನೇರವಾಗಿ ಶೇರ್ಡ್ ಮೆಮೊರಿಗೇ, ಅಂದರೆ ಪ್ರೋಸೆಸ್‌ಗಳೆಲ್ಲಾ ಹಂಚಿಕೊಳ್ಳುವ ಮೆಮೊರಿಗೇ ಬರುತ್ತೇನೆ.

ಗುರುತಿಗೆ ಇಷ್ಟು ಸಾಕು. ಸಿ ಭಾಷೆಯಲ್ಲಿ ಬರೆದ ಪುಟ್ಟ ವೆಬ್ ಸರ್ವರ್. ಒಂದು ಮಾಸ್ಟರ್, ನಾಲ್ಕು ವರ್ಕರ್. ಫೋರ್ಕ್‌ಗೆ ಮೊದಲೇ ಎಂಮ್ಯಾಪ್ ಮಾಡಿದ 64 ಎಂಬಿ ಜಾಗದಲ್ಲಿ ಎಲ್ಲರಿಗೂ ಸೇರಿ ಒಂದು ಕ್ಯಾಶ್ (ಒಮ್ಮೆ ಮಾಡಿದ್ದನ್ನು ಮತ್ತೆ ಬಳಸಲು ಇಟ್ಟುಕೊಳ್ಳುವ ಜಾಗ). ಓಡುವುದು 512 ಎಂಬಿಯ ಬಾಡಿಗೆ ಮಷೀನ್ ಮೇಲೆ, ಮೆಮೊರಿ ಸಾಲದಾಗ ಡಿಸ್ಕ್ ಬಳಸುವ ಸ್ವಾಪ್ ಇಲ್ಲ. ಬಳಸುವವರು ಕಲಬುರಗಿ ನೆಹರು ಗಂಜ್‌ನಲ್ಲಿ ಅಡತಿ ಇಟ್ಟಿರುವ ನಮ್ಮ ಕಾಕಾ ಮತ್ತು ಅವರ ಪರಿಚಯದ ವ್ಯಾಪಾರಿಗಳು. ಆಳಂದ, ಚಿತ್ತಾಪುರ, ಸೇಡಂ ಕಡೆಯಿಂದ ಬಂದ ತೊಗರಿಯ ಸ್ಯಾಂಪಲ್ ಅನ್ನು ಮೊಬೈಲ್‌ನಲ್ಲಿ ಫೋಟೊ ಹಿಡಿದು ಹಾಕುತ್ತಾರೆ. ಟಿಎಸ್-3ಆರ್, ಜಿಆರ್‌ಜಿ-811 ಅಂತ ತಳಿಯ ಹೆಸರು ಬರೆಯುತ್ತಾರೆ. ಸರ್ವರ್ ಅದನ್ನು ಚಿಕ್ಕದು ಮಾಡಿ ತೋರಿಸಬೇಕು. ಅಷ್ಟೇ ಕೆಲಸ.

ಡಿಸೆಂಬರ್ ಮುಗಿಯುವ ಹೊತ್ತಿಗೆ ಆವಕ ಜೋರಾಯಿತು, ಫೋಟೊಗಳೂ ಜಾಸ್ತಿಯಾದವು. ಆಗ ಕಾಕಾ ಫೋನ್ ಮಾಡಿದರು. "ತಮ್ಮಾ, ಪೇಜ್ ಸುಮ್ನೆ ತಿರಗ್ಲಿಕತ್ತದ ನೋಡು. ಫೋಟೊ ಒಂದೂ ಕಾಣವಲ್ದು."

ಮಷೀನ್‌ಗೆ ಲಾಗಿನ್ ಆದರೆ ಎಲ್ಲವೂ ಆರಾಮಾಗಿದ್ದಂತೆ ಕಂಡಿತು. ಸಿಪಿಯು ಖಾಲಿ. ವರ್ಕರ್‌ಗಳು ಜೀವಂತ. ಕನೆಕ್ಷನ್ ತೆಗೆದುಕೊಳ್ಳುತ್ತವೆ, ಆದರೆ ಉತ್ತರ ಕೊಡುವುದಿಲ್ಲ. ಪ್ರೋಸೆಸ್ ಕರ್ನೆಲ್‌ಗೆ ಏನು ಕೇಳುತ್ತಿದೆ ಅಂತ ತೋರಿಸುವ ಎಸ್‌ಟ್ರೇಸ್ ಹಾಕಿದರೆ ಒಂದೊಂದರಲ್ಲೂ ಅದೇ ಸಾಲು: ಫ್ಯೂಟೆಕ್ಸ್ ವೇಟ್ (ಲಾಕ್‌ಗಾಗಿ ಕಾಯುವುದು), ಬೆಲೆ 2, ಟೈಮ್‌ಔಟ್ ಇಲ್ಲ. 2 ಅಂದರೆ ಕ್ಯಾಶ್‌ಗೆ ಒಮ್ಮೆಗೆ ಒಬ್ಬರನ್ನೇ ಬಿಡುವ ಲಾಕ್ (ಮ್ಯೂಟೆಕ್ಸ್) ಯಾರದೋ ಕೈಯಲ್ಲಿದೆ, ಹಿಂದೆ ಕಾಯುವವರೂ ಇದ್ದಾರೆ ಅಂತ. ಇಂಥ ಕಡೆ ನೀವು ಮೊದಲು ನೋಡಬೇಕಾದದ್ದು ಆ ಸಾಲಿನ ಬಾಲದಲ್ಲಿ 'ಪ್ರೈವೇಟ್' ಅಂತ ಇದೆಯಾ ಅನ್ನುವುದು. ಇದ್ದರೆ ಮ್ಯೂಟೆಕ್ಸ್‌ಗೆ ಪ್ರೋಸೆಸ್-ಶೇರ್ಡ್ ಗುಣ ಹಾಕಿಲ್ಲ ಅಂತಲೇ ಅರ್ಥ. ಒಂದು ಪ್ರೋಸೆಸ್ ಎಬ್ಬಿಸಿದ್ದು ಇನ್ನೊಂದಕ್ಕೆ ಕೇಳಿಸುವುದಿಲ್ಲ. ನನ್ನದರಲ್ಲಿ ಪ್ರೈವೇಟ್ ಇರಲಿಲ್ಲ. ರೋಗ ಬೇರೆಯೇ ಇತ್ತು.

ಡೀಬಗರ್ ಜಿಡಿಬಿ ಹಚ್ಚಿ ಮ್ಯೂಟೆಕ್ಸ್ ಒಳಗೆ ಇಣುಕಿದೆ. ಓನರ್ ಜಾಗದಲ್ಲಿ 4127 ಅಂತ ಪ್ರೋಸೆಸ್ ನಂಬರ್ (ಪಿಐಡಿ) ಇತ್ತು. ಜೀವಂತ ಪ್ರೋಸೆಸ್‌ಗೆಲ್ಲಾ ಒಂದೊಂದು ಫೋಲ್ಡರ್ ಇರುವ /ಪ್ರಾಕ್ ಕೆಳಗೆ 4127 ಅನ್ನುವ ಫೋಲ್ಡರೇ ಇಲ್ಲ. ಕರ್ನೆಲ್‌ನ ಲಾಗ್ ತೋರಿಸುವ ಡಿಮೆಸೇಜ್ ನೋಡಿದೆ. ಅಲ್ಲಿ ಸಿಕ್ಕಿತು: ಮೆಮೊರಿ ಮುಗಿದಿದೆ, 4127 ಅನ್ನು ಕೊಂದಿದ್ದೇನೆ ಅಂತ ಕರ್ನೆಲ್ ಬರೆದಿಟ್ಟಿತ್ತು. ಲಾಕ್ ಹಿಡಿದಿದ್ದ ವರ್ಕರ್ ಸತ್ತಿದೆ, ಲಾಕ್ ಮಾತ್ರ ಅದರ ಹೆಸರಲ್ಲೇ ಉಳಿದಿದೆ. ಮಾಸ್ಟರ್ ಹೊಸ ವರ್ಕರ್ ಹುಟ್ಟಿಸಿತು, ಅದೂ ಹೋಗಿ ಅದೇ ಸಾಲಿನಲ್ಲಿ ನಿಂತಿತು.

ಇದು ಅಪರೂಪಕ್ಕೆ ಆಗುವ ಕಾಕತಾಳೀಯ ಅಂದುಕೊಳ್ಳಬೇಡಿ. ಒಂದೇ ಫೋಟೊವನ್ನು ಇಬ್ಬರು ವರ್ಕರ್ ಬಿಚ್ಚಬಾರದು ಅಂತ ಫೋಟೊ ಬಿಚ್ಚುವ (ಒತ್ತಿಟ್ಟ ಫೈಲನ್ನು ಚುಕ್ಕಿಗಳಾಗಿ ಮಾಡುವ) ಕೆಲಸ ಲಾಕ್ ಒಳಗೇ ನಡೆಯುತ್ತಿತ್ತು. 12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000 ಗುಣಿಸು 3000, ಒಂದೊಂದು ಚುಕ್ಕಿಗೆ 3 ಬೈಟ್. ಬಿಚ್ಚಿದರೆ 36 ಎಂಬಿ. ಅದನ್ನು ತಿರುಗಿಸಲು, ಚಿಕ್ಕದು ಮಾಡಲು ಇನ್ನಷ್ಟು ಜಾಗ. ಅಂದರೆ ಮೆಮೊರಿ ಎಲ್ಲಕ್ಕಿಂತ ಜಾಸ್ತಿ ಬೇಕಾಗುವ ಗಳಿಗೆಯೂ ಲಾಕ್ ಕೈಯಲ್ಲಿರುವ ಗಳಿಗೆಯೂ ಒಂದೇ. ಕರ್ನೆಲ್ ಕೊಲ್ಲುವಾಗಲೆಲ್ಲಾ ಲಾಕ್ ಹಿಡಿದವನೇ ಸಿಗುತ್ತಿದ್ದ.

ಮದ್ದು ಎಲ್ಲರಿಗೂ ಗೊತ್ತಿರುವುದೇ, ರೋಬಸ್ಟ್ ಮ್ಯೂಟೆಕ್ಸ್. ಲಿನಕ್ಸ್‌ನಲ್ಲಿ ಇದಕ್ಕೆ ಬೇಕಾದ ಕರ್ನೆಲ್ ಬೆಂಬಲ 2006ರ 2.6.17 ಆವೃತ್ತಿಯಿಂದಲೂ ಇದೆ. ಹಿಡಿದವನು ಸತ್ತರೆ ಕರ್ನೆಲ್ ಲಾಕ್ ಮೇಲೆ ಗುರುತು ಹಾಕಿ, ಕಾಯುವವರಲ್ಲಿ ಒಬ್ಬನನ್ನು ಎಬ್ಬಿಸುತ್ತದೆ. ಅವನಿಗೆ ಲಾಕ್ ಸಿಗುತ್ತದೆ, ಜತೆಗೆ 'ಓನರ್ ಡೆಡ್' ಅನ್ನುವ ಉತ್ತರ. ಅವನು ಒಳಗಿನದನ್ನು ಸರಿಮಾಡಿ, 'ಕನ್ಸಿಸ್ಟೆಂಟ್' ಅನ್ನುವ ಫಂಕ್ಷನ್ ಕರೆದು, ಆಮೇಲೆ ಬಿಡಬೇಕು. ಕರೆಯದೆ ಬಿಟ್ಟರೆ ಆ ಮ್ಯೂಟೆಕ್ಸ್ ಕಥೆ ಮುಗಿಯಿತು. ಅದನ್ನು ಅಳಿಸಿ ಹೊಸದಾಗಿ ಮಾಡುವ ತನಕ ಯಾರಿಗೂ ಸಿಗುವುದಿಲ್ಲ. ಬಹಳಷ್ಟು ಉದಾಹರಣೆ ಕೋಡ್‌ಗಳಲ್ಲಿ ಲಾಕ್ ಫಂಕ್ಷನ್ ಏನು ವಾಪಸ್ ಕೊಟ್ಟಿತು ಅಂತ ನೋಡುವುದೇ ಇಲ್ಲ. ರೋಬಸ್ಟ್ ಬಳಸಿದರೆ ಅದನ್ನು ನೋಡಲೇಬೇಕು.

'ಸರಿಮಾಡಿ' ಅಂದೆನಲ್ಲ, ತಲೆ ತಿಂದಿದ್ದು ಅದೊಂದೇ ಪದ. ಲಾಕ್ ವಾಪಸ್ ಬಂತು. ಆದರೆ ಒಳಗಿನ ಲಿಸ್ಟ್ ಯಾವ ಸ್ಥಿತಿಯಲ್ಲಿದೆ? ಬಹಳ ಹೊತ್ತಿನಿಂದ ಬಳಸದ್ದನ್ನು ಮೊದಲು ತೆಗೆಯುವ ಎಲ್‌ಆರ್‌ಯು ಸಾಲಿನಲ್ಲಿ ಮುಂದಿನ ಕೊಂಡಿ ಬದಲಾಗಿದೆ, ಹಿಂದಿನದು ಬದಲಾಗುವ ಮೊದಲೇ ಪ್ರಾಣ ಹೋಗಿದೆ ಅಂತ ಇಟ್ಟುಕೊಳ್ಳಿ. ಮುಂದಿನಿಂದ ನಡೆದರೆ ಒಂದು ಎಣಿಕೆ, ಹಿಂದಿನಿಂದ ನಡೆದರೆ ಇನ್ನೊಂದು. ಅದರ ಮೇಲೆ ಕೆಲಸ ಮುಂದುವರಿಸಿದರೆ ಎಲ್ಲಾ ವರ್ಕರ್‌ಗಳೂ ಒಂದಾದ ಮೇಲೊಂದು ಬೀಳುತ್ತವೆ. ಅದಕ್ಕಿಂತ ಹ್ಯಾಂಗ್ ಆಗಿ ನಿಲ್ಲುವುದೇ ವಾಸಿ ಅನ್ನಿಸುತ್ತದೆ.

ಇದಕ್ಕೆ ನಾನು ಮಾಡಿದ ಮೊದಲ ಕೆಲಸ, ಒಳಗಿದ್ದ ಸಾಮಾನನ್ನು ಎರಡು ಪಾಲು ಮಾಡಿದ್ದು. ಎಸೆದರೆ ನಷ್ಟವಿಲ್ಲದ್ದು ಒಂದು, ಕಳೆಯಲೇಬಾರದ್ದು ಇನ್ನೊಂದು. ಚಿಕ್ಕ ಫೋಟೊಗಳು ಮೊದಲ ಪಾಲು. ಮೂಲ ಫೋಟೊ ಡಿಸ್ಕ್ ಮೇಲಿದೆ, ಮತ್ತೆ ಮಾಡಿಕೊಳ್ಳಬಹುದು. ಯಾವ ಸ್ಯಾಂಪಲ್ ಅನ್ನು ಎಷ್ಟು ಸಲ ನೋಡಿದರು ಅನ್ನುವ ಲೆಕ್ಕ ಎರಡನೇ ಪಾಲು. ಕಾಕಾ ದಿನಾ ಕೇಳುವುದು ಅದನ್ನೇ. ಲೆಕ್ಕವನ್ನು ಲಾಕ್‌ನಿಂದ ಪೂರ್ತಿ ಹೊರಗೆ ತಂದು ಅಟಾಮಿಕ್ ಮಾಡಿದೆ. ಪ್ರತಿ ವರ್ಕರ್‌ಗೆ ತನ್ನದೇ ಎಣಿಕೆಯ ಜಾಗ. ಒಬ್ಬರ ಜಾಗ ಸಿಪಿಯುವಿನಲ್ಲಿ ಇನ್ನೊಬ್ಬರ 64 ಬೈಟ್ ಕ್ಯಾಶ್ ಲೈನ್‌ಗೆ ತಾಗದಂತೆ ದೂರ ಇಟ್ಟಿದ್ದೇನೆ. ಓದುವಾಗ ಕೂಡಿಸಿದರಾಯಿತು. ಸಂಖ್ಯೆ ಒಂದು ಹೆಚ್ಚಾಗುತ್ತದೆ ಇಲ್ಲವೇ ಆಗುವುದಿಲ್ಲ, ಅರ್ಧ ಅನ್ನುವುದೇ ಇಲ್ಲ.

ಕ್ಯಾಶ್ ಅನ್ನು 16 ತುಂಡು ಮಾಡಿ ಒಂದೊಂದಕ್ಕೂ ಬೇರೆ ಮ್ಯೂಟೆಕ್ಸ್ ಕೊಟ್ಟೆ. ಓನರ್ ಡೆಡ್ ಬಂದರೆ ಆ ತುಂಡನ್ನು ಮಾತ್ರ ಖಾಲಿ ಮಾಡುವುದು. ಪ್ರತಿ ತುಂಡಿಗೂ ಒಂದು ಗುರುತು: ಕೊಂಡಿ ಬದಲಿಸುವ ಮೊದಲು 1, ಮುಗಿದ ಮೇಲೆ 0. ಸತ್ತವನು ಬರೀ ಓದುತ್ತಿದ್ದರೆ ಗುರುತು 0 ಇರುತ್ತದೆ, ಏನೂ ಎಸೆಯಬೇಕಿಲ್ಲ. ಕಂಪೈಲರ್ ಈ ಸಾಲುಗಳನ್ನು ಹಿಂದೆ ಮುಂದೆ ಮಾಡದಂತೆ ಫೆನ್ಸ್ ಹಾಕುವುದು ಮರೆಯಬೇಡಿ.

ಫೋಟೊ ಬಿಚ್ಚುವುದನ್ನು ಲಾಕ್‌ನಿಂದ ಹೊರಗೆ ತಂದೆ. ವರ್ಕರ್ ಲಾಕ್ ಹಿಡಿದು 'ಇದನ್ನು ಮಾಡುತ್ತಿದ್ದೇನೆ' ಅಂತ ಬರೆದು, ಲಾಕ್ ಬಿಟ್ಟು, ಬಿಚ್ಚಿ, ಮತ್ತೆ ಲಾಕ್ ಹಿಡಿದು ಫಲ ಇಡುತ್ತದೆ. ಚೆನ್ನಾಗಿದೆ ಅಲ್ವಾ? ಬಿಚ್ಚುವಾಗ ಸತ್ತರೆ 'ಮಾಡುತ್ತಿದ್ದೇನೆ' ಅನ್ನುವ ಗುರುತು ಹಾಗೇ ಉಳಿಯಿತು. ಆ ಒಂದು ಫೋಟೊ ಬೇಕಾದವರೆಲ್ಲಾ ಕಾಯುತ್ತಾ ಕೂತರು. ಹಳೇ ರೋಗ, ಹೊಸ ವೇಷ. ಮ್ಯೂಟೆಕ್ಸ್ ಆಗಿದ್ದರೆ ಕರ್ನೆಲ್ ನೋಡಿಕೊಳ್ಳುತ್ತಿತ್ತು. ಇದು ನಾನೇ ಕಟ್ಟಿದ ಲಾಕ್, ಕರ್ನೆಲ್‌ಗೆ ಇದರ ಸುಳಿವೇ ಇಲ್ಲ.

ಪಿನ್ ಎಣಿಕೆಯದೂ ಇದೇ ಹಾಡು. ಸಾಕೆಟ್‌ಗೆ ಕಳಿಸುತ್ತಿರುವ ಫೋಟೊವನ್ನು ಯಾರೂ ಅಳಿಸಬಾರದು ಅಂತ ಅದರ ಎಣಿಕೆ ಒಂದು ಏರಿಸುತ್ತೇವೆ, ಮುಗಿದ ಮೇಲೆ ಇಳಿಸುತ್ತೇವೆ. ಏರಿಸಿದವನು ಸತ್ತರೆ ಇಳಿಸುವವರು ಯಾರು? ಎಣಿಕೆ 3 ಅಂತ ತೋರಿಸಿದರೆ ಅದರಲ್ಲಿ ಸತ್ತವನದು ಎಷ್ಟು, ಇದ್ದವರದು ಎಷ್ಟು ಅಂತ ಹೇಳಲು ದಾರಿಯೇ ಇಲ್ಲ. ಗಂಜ್‌ನಲ್ಲಿ ತೊಗರಿ ರಾಶಿಯ ಮೇಲೆ ಹೆಸರಿನ ಚೀಟಿ ಇಡುತ್ತಾರಲ್ಲ, ಹಾಗೆ ಪ್ರತಿ ಹಿಡಿತದ ಮೇಲೂ ಹಿಡಿದವನ ಹೆಸರು ಇರಬೇಕು. ಬರೀ ಎಣಿಕೆ ಇದ್ದರೆ ಸಾಲದು.

ಅಪಾಚೆ ವೆಬ್ ಸರ್ವರ್‌ನಲ್ಲಿ ಸ್ಕೋರ್‌ಬೋರ್ಡ್ ಅಂತ ಇದೆ. ಶೇರ್ಡ್ ಮೆಮೊರಿಯಲ್ಲಿ ಒಬ್ಬೊಬ್ಬ ವರ್ಕರ್‌ಗೆ ಒಂದೊಂದು ಮನೆ, ತಾನು ಏನು ಮಾಡುತ್ತಿದ್ದೇನೆ ಅಂತ ಅವನು ಅಲ್ಲಿ ಬರೆಯುತ್ತಾನೆ. ಇನ್ನೊಂದು ವೆಬ್ ಸರ್ವರ್ ಎಂಜಿನ್‌ಎಕ್ಸ್ ತನ್ನ ಲಾಕ್ ಒಳಗೇ ಹಿಡಿದವನ ಪಿಐಡಿ ಬರೆಯುತ್ತದೆ. ವರ್ಕರ್ ಸತ್ತಾಗ ಮಾಸ್ಟರ್ ಆ ಪಿಐಡಿ ಹೆಸರಿನ ಲಾಕ್‌ಗಳನ್ನು ಹುಡುಕಿ ಬಲವಂತವಾಗಿ ಬಿಡಿಸುತ್ತದೆ. ಎರಡನ್ನೂ ಸೇರಿಸಿದೆ. ಈಗ ಪ್ರತಿ ವರ್ಕರ್‌ಗೂ ಒಂದು ಮನೆ ಇದೆ. ಅದರಲ್ಲಿ ಅವನ ಪಿನ್‌ಗಳು, ಅವನು ಬಿಚ್ಚುತ್ತಿರುವ ಫೋಟೊ. ಮೊದಲು ತನ್ನ ಮನೆಯಲ್ಲಿ ಬರೆಯಬೇಕು, ಆಮೇಲೆ ಹಿಡಿಯಬೇಕು. ಬಿಡುವಾಗ ತಿರುವು ಮುರುವು. ಫೋಟೊದ ಮೇಲೆ ಎಣಿಕೆಯೇ ಇಲ್ಲ. ಅಳಿಸುವ ಮೊದಲು ನಾಲ್ಕು ಮನೆಗಳನ್ನೂ ಒಮ್ಮೆ ನೋಡುತ್ತೇನೆ. ನಾಲ್ಕೇ ಅಲ್ವಾ, ಏನೂ ಭಾರವಿಲ್ಲ.

ವರ್ಕರ್ ಸತ್ತರೆ ಮಾಸ್ಟರ್ ಆ ಮನೆ ತೊಳೆಯುತ್ತದೆ. ಇಲ್ಲಿ ಎರಡು ಕಡೆ ಜೋಪಾನ. ವರ್ಕರ್ ಸತ್ತ ಸುದ್ದಿ ಸಿಗ್ನಲ್ ಆಗಿ ಬರುತ್ತದೆ, ಅದರ ಹ್ಯಾಂಡ್ಲರ್ ಒಳಗೆ ಮ್ಯೂಟೆಕ್ಸ್ ಮುಟ್ಟಬಾರದು. ಸಿಗ್ನಲ್‌ಎಫ್‌ಡಿ ಮೂಲಕ ಈಪೋಲ್‌ಗೆ ತಂದು ಅಲ್ಲಿ ಕೆಲಸ ಮಾಡಿ. ಎರಡನೇದು, ಸತ್ತ ವರ್ಕರ್‌ನ ಲೆಕ್ಕ ಮುಗಿಸುವ ವೇಟ್ ಮಾಡಿದ ತಕ್ಷಣ ಆ ಪಿಐಡಿ ಇನ್ನೊಂದು ಪ್ರೋಸೆಸ್‌ಗೆ ಹೋಗಬಹುದು. ಅದಕ್ಕೇ ವೇಟ್‌ಐಡಿಗೆ 'ನೋ ವೇಟ್' ಫ್ಲ್ಯಾಗ್ ಕೊಟ್ಟು ಸತ್ತವನು ಯಾರು ಅಂತ ಮೊದಲು ನೋಡುವುದು, ಮನೆ ತೊಳೆಯುವುದು, ಆಮೇಲೆ ಕೊನೆಯ ವೇಟ್. ಅಲ್ಲಿಯವರೆಗೆ ಜೋಂಬಿಯಾಗಿ ಪಿಐಡಿ ಅದರ ಹೆಸರಲ್ಲೇ ಇರುತ್ತದೆ. ಇಬ್ಬರು ಒಟ್ಟಿಗೆ ಸತ್ತರೂ ಸಿಗ್ನಲ್ ಒಂದೇ ಬರಬಹುದು, ಹಾಗಾಗಿ ಇನ್ಯಾರೂ ಇಲ್ಲ ಅನ್ನುವ ತನಕ ಲೂಪ್.

ತುಂಡು ಖಾಲಿ ಮಾಡುವಾಗಲೂ ಈ ಮನೆಗಳೇ ಕಾಪಾಡಿದವು. ಬೇರೆ ವರ್ಕರ್ ಇನ್ನೂ ಕಳಿಸುತ್ತಿರುವ ಫೋಟೊದ ಜಾಗವನ್ನು ಖಾಲಿ ಅಂತ ಹೊಸಬರಿಗೆ ಕೊಟ್ಟರೆ ಅರ್ಧ ಸೇಡಂ ತೊಗರಿ, ಅರ್ಧ ಆಳಂದ ತೊಗರಿ ಕಾಣುತ್ತದೆ. ವ್ಯಾಪಾರಿಗೆ ಇಂಥದು ತೋರಿಸಬಾರದು. ಹಾಗಾಗಿ ಕೆಟ್ಟ ತುಂಡಿಗೆ ಮೊದಲು 'ಮುಚ್ಚಿದೆ' ಅಂತ ಗುರುತು. ಯಾರ ಮನೆಯಲ್ಲೂ ಅದರ ಪಿನ್ ಇಲ್ಲ ಅಂತಾದ ಮೇಲೆ ಖಾಲಿ. ಅಷ್ಟು ಹೊತ್ತು ಕ್ಯಾಶ್ ಇಲ್ಲದೆ ನೇರ ಉತ್ತರ.

ಪರೀಕ್ಷೆ ಮಾಡಿದ ಬಗೆ ಹೇಳಲೇಬೇಕು. ಸುಮ್ನೆ ಆಗಾಗ ಕಿಲ್ ಹೊಡೆದರೆ ಏಟು ಲಾಕ್ ಒಳಗೆ ಬೀಳುವುದು ಕಡಿಮೆ; ಆ ಭಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೆ ಒಂದು ಬೇರೆ ಬಿಲ್ಡ್ ಮಾಡಿಕೊಂಡೆ. ಲಾಕ್ ಒಳಗಿನ ಪ್ರತಿ ಎರಡು ಸಾಲಿನ ಮಧ್ಯೆ ಒಂದು ನಂಬರ್. ಪರಿಸರ ವೇರಿಯಬಲ್‌ನಲ್ಲಿ ನಂಬರ್ ಕೊಟ್ಟರೆ ವರ್ಕರ್ ಸರಿಯಾಗಿ ಆ ಜಾಗದಲ್ಲಿ ತನಗೆ ತಾನೇ ಸಿಗ್‌ಕಿಲ್ (ಅದೇ ಕಿಲ್ -9) ಕಳಿಸಿಕೊಳ್ಳುತ್ತದೆ. ಸ್ಕ್ರಿಪ್ಟ್ ಒಂದೊಂದೇ ನಂಬರ್ ಹಾಕಿ, ಹಿಂದಿನಿಂದ ಲೋಡ್ ಕೊಟ್ಟು, ಕೊನೆಗೆ ಲಿಸ್ಟನ್ನು ಎರಡೂ ಕಡೆಯಿಂದ ಎಣಿಸಿ ನೋಡುತ್ತದೆ. ಎಲ್ಲಾ ನಂಬರೂ ಪಾಸಾದ ರಾತ್ರಿ ಸೂಪರ್ ಮಾರ್ಕೆಟ್ ಕಡೆ ಹೋಗಿ ಬಿಸಿ ಮಿರ್ಚಿ ಭಜಿ ತಿಂದು ಬಂದೆ. ಅಷ್ಟು ಖುಷಿ!

ಓಓಎಂ, ಅಂದರೆ ಮೆಮೊರಿ ಮುಗಿದಾಗ ಕರ್ನೆಲ್ ಕೊಲ್ಲುವುದರ ಬಗ್ಗೆ ಎರಡು ಮಾತು. ಮಾಸ್ಟರ್ ಸಾಯಬಾರದು ಅಂತ ಅದರ ಓಓಎಂ ಸ್ಕೋರ್ ಅಡ್ಜಸ್ಟ್ ಅನ್ನು -1000 ಮಾಡಿದರೆ ಫೋರ್ಕ್ ಆದ ಮಕ್ಕಳಿಗೂ ಅದೇ ಬರುತ್ತದೆ, ವರ್ಕರ್ ಶುರುವಾದ ಕೂಡಲೇ 0 ಮಾಡಿ. ಸರ್ವರನ್ನು ನಾನು ಟಿಮಕ್ಸ್ ಅನ್ನುವ ಟರ್ಮಿನಲ್‌ನಲ್ಲಿ ಓಡಿಸುತ್ತಿದ್ದೆ. ಈಗ ಲಿನಕ್ಸ್‌ನ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಕೆಳಗೆ ತಂದಿದ್ದೇನೆ. ಅಲ್ಲಿ ಒಂದು ವರ್ಕರ್ ಮೆಮೊರಿಗೆ ಸತ್ತರೂ ಇಡೀ ಸರ್ವಿಸ್ ನಿಲ್ಲಿಸುವುದು ರೂಢಿ. ಓಓಎಂ ಪಾಲಿಸಿ 'ಕಂಟಿನ್ಯೂ' ಅಂತ ಬರೆಯದಿದ್ದರೆ ಮೇಲಿನ ಕಷ್ಟವೆಲ್ಲಾ ನೀರಲ್ಲಿ ಹೋಮ.

ಮ್ಯೂಟೆಕ್ಸ್ ಬದಲು ಪೋಸಿಕ್ಸ್ ಸೆಮಫೋರ್ ಹಾಕಬಾರದಿತ್ತಾ ಅಂತ ಒಬ್ಬರು ಕೇಳಿದ್ದರು. ಅದಕ್ಕೆ ಓನರ್ ಅನ್ನುವುದೇ ಇಲ್ಲ. ಹಿಡಿದವನು ಸತ್ತರೆ ಸರ್ವರ್ ಹ್ಯಾಂಗ್ ಆಗುತ್ತದೆ ಅಂತ ಅಪಾಚೆಯ ಕೈಪಿಡಿಯೇ ಎಚ್ಚರಿಸುತ್ತದೆ. ಫೈಲ್ ಮೇಲೆ ಹಾಕುವ ಎಫ್‌ಸಿಎನ್‌ಟಿಎಲ್ ಲಾಕ್ ಪ್ರೋಸೆಸ್ ಸತ್ತರೆ ತಾನೇ ಬಿಡುತ್ತದೆ, ನಿಜ. ಆದರೆ ಅದೇ ಫೈಲನ್ನು ಪ್ರೋಸೆಸ್‌ನಲ್ಲಿ ಬೇರೆಲ್ಲೋ ತೆರೆದು ಮುಚ್ಚಿದರೂ ಬಿಡುತ್ತದೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಮುಂದಿನ ಕೆಲಸ ಆಗಲೇ ಮೇಜಿನ ಮೇಲಿದೆ. ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್ಲಿನ ತೂಕದ ಕಾಟಾದಿಂದ ತೂಕ ನೇರ ಇದೇ ಶೇರ್ಡ್ ಮೆಮೊರಿಗೆ ಬರಬೇಕು. ಕಾಟಾದ ಹಿಂದೆ ಆರ್‌ಎಸ್-232 ಅನ್ನುವ ಸೀರಿಯಲ್ ಪೋರ್ಟ್ ಇದೆ. ಆರ್‌ಎಸ್-232 ಕನ್ವರ್ಟರ್ ಬೇಕು ಅಂತ ಸ್ಪಷ್ಟವಾಗಿ ಬರೆದು ಆರ್ಡರ್ ಮಾಡಿದರೆ ಅಂಗಡಿಯವರು ಕಳಿಸಿದ್ದು 5 ವೋಲ್ಟ್ ಟಿಟಿಎಲ್ ಬೋರ್ಡ್. ಕಾಟಾ ಕೊಡುವುದು ಪ್ಲಸ್-ಮೈನಸ್ ವೋಲ್ಟೇಜ್. ನೇರ ಸಿಕ್ಕಿಸಿದರೆ ಬೋರ್ಡ್ ಸುಟ್ಟೇ ಹೋಗುತ್ತದೆ. ವಾಪಸ್ ಕಳಿಸಲು ಫೋನ್ ಮಾಡಿದರೆ "ಎರಡೂ ಒಂದೇ ಸರ್" ಅನ್ನುತ್ತಾರೆ. ಒಂದೇ ಅಲ್ಲ! ಗೊತ್ತಿಲ್ಲದ ಹುಡುಗರು ಯಾರಾದರೂ ತೆಗೆದುಕೊಂಡರೆ ಅವರ ದುಡ್ಡು ಹಾಳು. ಮಧ್ಯೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್-232 ಚಿಪ್ ಹಾಕಿ ಇದೇ ಬೋರ್ಡನ್ನು ಬಳಸುವುದು ಅಂತ ತೀರ್ಮಾನಿಸಿದ್ದೇನೆ.

ತೂಕಕ್ಕೆ ಲಾಕ್ ಹಾಕುವುದಿಲ್ಲ. ಬರೆಯುವವನು ಒಬ್ಬನೇ, ಓದುವವರು ನಾಲ್ಕು ಜನ. ಸೀಕ್ವೆನ್ಸ್ ನಂಬರ್ ಸಾಕು. ಬರೆಯುವ ಮೊದಲು ಬೆಸ, ಬರೆದ ಮೇಲೆ ಸಮ. ಓದುವವನು ಮೊದಲೂ ಕೊನೆಗೂ ಅದೇ ಸಮ ಸಂಖ್ಯೆ ಕಂಡರೆ ಮಾತ್ರ ತೂಕ ನಂಬಬೇಕು. ಬರೆಯುವವನು ಬೆಸದಲ್ಲಿ ಸತ್ತರೆ? ಅವನಿಗೂ ಒಂದು ಮನೆ ಕೊಟ್ಟು, ಮಾಸ್ಟರ್ ಅದನ್ನು ತೊಳೆಯುವಾಗ ತೂಕ 'ಗೊತ್ತಿಲ್ಲ' ಅಂತ ಬರೆದು ನಂಬರನ್ನು ಸಮ ಮಾಡುತ್ತದೆ. ಕಾಟಾ ಕಳಿಸುವ ಸಾಲು ಎಲ್ಲಿ ಶುರು, ಎಲ್ಲಿ ಕೊನೆ ಅನ್ನುವುದು ಒಂದೊಂದು ಮಾಡೆಲ್‌ಗೆ ಒಂದೊಂದು ಥರ. ನಿಮ್ಮಲ್ಲಿ ಯಾರಾದರೂ ಗಂಜ್‌ನ ಕಾಟಾಗಳಿಂದ ಡೇಟಾ ತೆಗೆದಿದ್ದರೆ ಹಸಿ ಬೈಟ್‌ಗಳನ್ನು ಕಳಿಸಿಕೊಡಿ. ಪಾರ್ಸರ್ ನಾನು ಬರೆಯುತ್ತೇನೆ.