ಜಾಲರಿಗೆ ಮೈನಸ್ 60 ವೋಲ್ಟ್ ಕೊಟ್ಟರೂ ಎಲೆಕ್ಟ್ರಾನು ನಿಲ್ಲಲಿಲ್ಲ

ಪ್ಲಾಸ್ಮಾ ಲ್ಯಾಬಿಗೆ ಸೇರಿದ ಹೊಸತು. ಆರ್ಗಾನ್ ಪ್ಲಾಸ್ಮಾ (ಎಲೆಕ್ಟ್ರಾನುಗಳೂ ಪ್ಲಸ್ ಚಾರ್ಜಿನ ಅಯಾನುಗಳೂ ಬಿಡಿಬಿಡಿಯಾಗಿ ಓಡಾಡುವ ಅನಿಲ) ಇರುವ ಚೇಂಬರಿನೊಳಗೆ ಒಂದು ಸ್ಟೀಲ್ ಜಾಲರಿ, ಅದರ ಹಿಂದೆ ಕಲೆಕ್ಟರ್ ಪ್ಲೇಟು. ಜಾಲರಿಗೆ ಮೈನಸ್ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನುಗಳನ್ನು ತಡೆದು, ಅಯಾನುಗಳನ್ನಷ್ಟೇ ಆಚೆ ಬಿಡಬೇಕಿತ್ತು. ಎಲೆಕ್ಟ್ರಾನುಗಳ ಉಷ್ಣತೆ 2 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು (1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುವುದನ್ನು ನಿಲ್ಲಿಸಲು 1 ವೋಲ್ಟಿನ ತಡೆ ಸಾಕು). ಎಲೆಕ್ಟ್ರಾನು ಸೂಸುವ ಕಾದ ತಂತಿಯಿಂದ, ಅಂದರೆ ಫಿಲಮೆಂಟಿನಿಂದ ಬರುವ ವೇಗದವಕ್ಕೂ ಶಕ್ತಿ 40ರ ಹತ್ತಿರವೇ. ಮೈನಸ್ 60 ಕೊಟ್ಟರೆ ಒಂದೂ ದಾಟಲ್ಲ ಅಂದುಕೊಂಡಿದ್ದೆ.

ಆದರೆ ಕಲೆಕ್ಟರಿನಲ್ಲಿ ಎಲೆಕ್ಟ್ರಾನ್ ಕರೆಂಟೇ ಕಾಣುತ್ತಿತ್ತು. ಆರ್ಗಾನ್ ಅಯಾನು ಎಲೆಕ್ಟ್ರಾನಿಗಿಂತ ಸುಮಾರು 73,000 ಪಟ್ಟು ಭಾರ, ನಿಧಾನಕ್ಕೆ ಚಲಿಸುತ್ತದೆ. ಹಾಗಾಗಿ ಸ್ವಲ್ಪವೇ ಎಲೆಕ್ಟ್ರಾನುಗಳು ಸೋರಿದರೂ ಅಯಾನಿನ ಕರೆಂಟ್ ಮುಚ್ಚಿಹೋಗುತ್ತದೆ. ಪವರ್ ಸಪ್ಲೈ ಬದಲಿಸಿದೆ. ವೈರು ಬದಲಿಸಿದೆ. ಚೇಂಬರ್ ತೆರೆದು ಬೆಸುಗೆ ನೋಡಿದೆ. ಮೂರು ದಿನ ಹೋಯಿತು.

ನಾಲ್ಕನೇ ದಿನ ಹಿರಿಯ ಮೇಡಂ ಒಬ್ಬರು ಬಂದು ಕೇಳಿದ್ದು ಒಂದೇ ಪ್ರಶ್ನೆ. "ಜಾಲರಿಯ ಕಣ್ಣು ಎಷ್ಟು ಅಗಲ ಇದೆಯಪ್ಪಾ?"

3 ಮಿಲಿಮೀಟರ್ ಅಂದೆ. ಲ್ಯಾಬಿನ ದೀಪ ಆರಿಸಿ, ಚೇಂಬರಿನ ಕಿಟಕಿಯಲ್ಲಿ ಇಣುಕಿ ನೋಡು ಅಂದರು. ನೋಡಿದೆ. ಪ್ರತಿ ತಂತಿಯ ಸುತ್ತ ತೆಳ್ಳಗೆ ಒಂದು ಕಪ್ಪು ಪಟ್ಟಿ. ಕಣ್ಣಿನ ನಡುವೆ ಮಾತ್ರ ಪ್ಲಾಸ್ಮಾ ಮಂದವಾಗಿ ಹೊಳೆಯುತ್ತಿತ್ತು.

ಆ ಕಪ್ಪು ಪಟ್ಟಿಯೇ ಷೀತ್. ಮೈನಸ್ ತಂತಿ ಎಲೆಕ್ಟ್ರಾನುಗಳನ್ನು ದೂರ ತಳ್ಳುತ್ತದೆ. ಅನಿಲವನ್ನು ಹೊಳೆಯಿಸೋದು ಅವೇ ಅಲ್ವಾ? ಅವು ಇಲ್ಲದ ಕಡೆ ಕತ್ತಲೆ. ಉಳಿದ ಅಯಾನುಗಳು ತಂತಿಯ ವೋಲ್ಟೇಜನ್ನು ಮರೆಮಾಡಿಬಿಡುತ್ತವೆ. ಹಾಗಾಗಿ ತಂತಿಯ ಮೇಲೆ ಮೈನಸ್ 60 ಇದ್ದರೂ ಷೀತ್ ದಾಟಿದ ಮೇಲೆ ಅದು ಇದ್ದೂ ಇಲ್ಲದ ಹಾಗೆ. ನಾನು ಇಡೀ ಜಾಲರಿಯನ್ನು ಒಂದು ಗೋಡೆ ಅಂತ ಭಾವಿಸಿದ್ದೆ. ಎಲೆಕ್ಟ್ರಾನಿಗೆ ಅದು ನಡುವೆ ಬಾಗಿಲು ತೆರೆದ ಬೇಲಿ.

ಲೆಕ್ಕ ಹಾಕಿದೆವು. ಒಂದು ಘನ ಸೆಂಟಿಮೀಟರಿಗೆ ಸುಮಾರು 1,000 ಕೋಟಿ ಎಲೆಕ್ಟ್ರಾನುಗಳಿದ್ದವು. ಆಗ ಡಿಬೈ ಉದ್ದ, ಅಂದರೆ ಪ್ಲಾಸ್ಮಾ ವೋಲ್ಟೇಜನ್ನು ಮರೆಮಾಡುವ ದೂರದ ಅಳತೆ, ಸುಮಾರು 0.1 ಮಿಲಿಮೀಟರ್. 60 ವೋಲ್ಟಿಗೆ ಷೀತ್ ಅದರ ಹತ್ತು ಪಟ್ಟು, ಅಂದರೆ 1 ಮಿಲಿಮೀಟರ್. ಆ ಕಡೆಯಿಂದ 1, ಈ ಕಡೆಯಿಂದ 1. ನಡುವೆ ಉಳಿಯಿತಲ್ಲ ಇನ್ನೊಂದು ಮಿಲಿಮೀಟರ್!

ಪ್ಲಾಸ್ಮಾ ಹುಟ್ಟಿಸುವ ಡಿಸ್ಚಾರ್ಜ್ ಕರೆಂಟ್ ಇಳಿಸಿ ಸಾಂದ್ರತೆಯನ್ನು ಹತ್ತನೇ ಒಂದು ಭಾಗಕ್ಕೆ ತಂದೆವು. ಷೀತ್ ಮೂರು ಪಟ್ಟು ದಪ್ಪವಾಗಿ ಕಪ್ಪು ಪಟ್ಟಿಗಳು ಒಂದಕ್ಕೊಂದು ಕೂಡಿಕೊಂಡವು, ಸೋರಿಕೆ ನಿಂತಿತು. ಸಾಂದ್ರತೆ ಏರಿಸಿದರೆ ಮತ್ತೆ ಶುರು. ಅದನ್ನು ಕಣ್ಣಾರೆ ನೋಡಿದ ಖುಷಿ ಇನ್ನೂ ನೆನಪಿದೆ. ವೋಲ್ಟೇಜನ್ನು ಸುಮ್ನೆ ಏರಿಸುತ್ತಾ ಹೋಗಬಹುದಿತ್ತು, ಆದರೆ ಜಾಸ್ತಿ ವೋಲ್ಟೇಜಿನಲ್ಲಿ ಅಯಾನುಗಳು ತಂತಿಗೆ ಬಡಿದು ಹೊಸ ಎಲೆಕ್ಟ್ರಾನುಗಳನ್ನು ಕಿತ್ತು ಹೊರಹಾಕುತ್ತವೆ. ಅದು ಇನ್ನೊಂದು ತಲೆನೋವು.

ಮರುವಾರ 0.5 ಮಿಲಿಮೀಟರ್ ಕಣ್ಣಿನ ಜಾಲರಿ ಕೂರಿಸಿದೆವು. ಮೈನಸ್ 60, ಅದೇ ಹಳೇ ಸಾಂದ್ರತೆ. ಮೀಟರಿನ ಮುಳ್ಳು ಸೊನ್ನೆ ದಾಟಿ ಇನ್ನೊಂದು ಬದಿಗೆ ವಾಲಿತು. ಅದು ಅಯಾನಿನ ಕರೆಂಟ್.